ಹೆಂಗಸರ ಕಕ್ಕಸಿನಲ್ಲಿ ಏಳು ಗಂಡಸರು

ತಗುಮಾ ಸತ್ತ ನಾಲ್ಕನೆಯ ದಿನ ಅವನ ಬಟ್ಟೆಗಳನ್ನು ತಂದು ಜೈರೋಸನ ಮುಂದೆ ಇಟ್ಟರು. ಒಂದು ಕಂದು ಪ್ಯಾಂಟು, ಮೊಣಕೈ ಹರಿದ ಅಂಗಿ, ಸಿಮೆಂಟು ಕೂತು ಬಿಳಿಚಿದ ಟೋಪಿ.

"ಹಾಕ್ಕೋ ಸಾಹ್ವಿರ," ಎಂದಳು ರೋದಾ. ಅವಳು ಸತ್ತವನ ಹೆಂಡತಿ. "ನಿನ್ನ ಕೆಲಸ ಮಾಡು. ನಾಲ್ಕು ದಿನದಿಂದ ಈ ಮನೇಲಿ ಯಾರೂ ನಕ್ಕಿಲ್ಲ. ಅವನು ನಗ್ತಾ ಇದ್ದವನು."

ಜೈರೋಸ್ ಬಟ್ಟೆ ಮುಟ್ಟಲಿಲ್ಲ. ಅವನಿಗೆ ಅರವತ್ತೊಂದು ವಯಸ್ಸು. ಇಂಥ ಬಟ್ಟೆಗಳನ್ನು ಅವನು ಹನ್ನೆರಡು ಸಲ ಹಾಕಿದ್ದ. ತಗುಮಾನ ಅಜ್ಜನದು ಹಾಕಿದ್ದ, ಅಪ್ಪನದು ಹಾಕಿದ್ದ. ತನಗಿಂತ ಚಿಕ್ಕವನದು ಹಾಕುವುದು ಇದೇ ಮೊದಲು.

ತಗುಮಾನದು ಸಿಂಹದ ಬೆಡಗು. ಜೈರೋಸನದು ಕೋತಿಯ ಬೆಡಗು. ಎರಡೂ ಮನೆತನಗಳು ಗಡಿಯಾಚೆಯ ಬಿಕಿಟಾ ಊರಿನವು, ತಲೆತಲಾಂತರದಿಂದ ಸಾಹ್ವಿರರು, ಅಂದರೆ ಒಬ್ಬರನ್ನೊಬ್ಬರು ಹಂಗಿಸುವ ಹಕ್ಕಿರುವ ನಂಟರು. ಸಿಂಹದವರ ಮನೆಯಲ್ಲಿ ಸಾವಾದರೆ ಕೋತಿಯವನು ಬರಬೇಕು. ಸತ್ತವನ ಬಟ್ಟೆ ಹಾಕಿಕೊಂಡು ಅವನ ಹಾಗೆ ನಡೆಯಬೇಕು, ಅವನ ಹಾಗೆ ಕೆಮ್ಮಬೇಕು, ಅಳುವವರನ್ನು ನಗಿಸಬೇಕು. ಬೇರೆ ಯಾರ ಬಾಯಲ್ಲೂ ಬರಬಾರದ ಮಾತು ಅವನ ಬಾಯಲ್ಲಿ ಬರಬಹುದು. ಊರ ಗೌಡನನ್ನೂ ಬೈಯಬಹುದು. ಸಾವಿನ ಮನೆಯಲ್ಲಿ ಅವನು ಹೇಳಿದ್ದಕ್ಕೆ ಯಾರೂ ಇಲ್ಲ ಎನ್ನುವ ಹಾಗಿಲ್ಲ. ಬದುಕಿದ್ದಾಗಲೂ ಅಷ್ಟೆ. ಸಾಹ್ವಿರ ಹಂಗಿಸಿದರೆ ನಗಬೇಕು. ನೋಯಬಾರದು. ಅದು ಕಟ್ಟಳೆ.

ತಗುಮಾ ಆ ಕಟ್ಟಳೆಯನ್ನು ಪಾಲಿಸಿದ. ನಕ್ಕ. ನಕ್ಕು ಸತ್ತ. ಅದು ಜೈರೋಸನೊಬ್ಬನಿಗೇ ಗೊತ್ತಿತ್ತು.

ಇಬ್ಬರೂ ಜೋಹಾನ್ಸ್‌ಬರ್ಗಿನ ಉತ್ತರಕ್ಕೆ, ದೊಡ್ಡವರ ಬಡಾವಣೆಯಲ್ಲಿ, ಒಂಬತ್ತು ಅಂತಸ್ತಿನ ಕಟ್ಟಡಕ್ಕೆ ಗಾರೆ ಹಚ್ಚುತ್ತಿದ್ದರು. ಬೆಳಿಗ್ಗೆ ಆರಕ್ಕೆ ಸಾರುವೆ ಹತ್ತಿದರೆ ಸಂಜೆ ಐದಕ್ಕೆ ಇಳಿಯುವುದು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಕರಣೆ. ಗಾರೆ ಚರ್ಮವನ್ನು ತಿನ್ನುತ್ತದೆ. ಬೆರಳ ಸಂದಿ ಸೀಳಿ ರಕ್ತ ಬರುತ್ತದೆ. ರಾತ್ರಿ ಅದಕ್ಕೆ ಅಡುಗೆ ಎಣ್ಣೆ ಹಚ್ಚಿಕೊಳ್ಳುವುದು, ಬೆಳಿಗ್ಗೆ ಮತ್ತೆ ಸೀಳುವುದು. ಸೊಂಟಕ್ಕೆ ಕಟ್ಟುವ ಬೆಲ್ಟುಗಳು ನಾಲ್ಕೇ ಇದ್ದವು. ಕಾಗದಪತ್ರ ಇದ್ದವರಿಗೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಬೆಲ್ಟು. ಗಡಿಯ ಲಿಂಪೋಪೋ ನದಿಯನ್ನು ಸೊಂಟಮಟ್ಟದ ನೀರಿನಲ್ಲಿ ಕದ್ದು ದಾಟಿ ಬಂದ ಎಂಟು ಜನಕ್ಕೆ ಬೆಲ್ಟೂ ಇಲ್ಲ, ಪುಸ್ತಕದಲ್ಲಿ ಹೆಸರೂ ಇಲ್ಲ.

ಮೇಸ್ತ್ರಿ ಲೂಕಾಸ್ ಆ ಎಂಟೂ ಜನರನ್ನು "ಹುಡುಗರು" ಎನ್ನುತ್ತಿದ್ದ. ಅವನಿಗೆ ಮೂವತ್ತೆಂಟು. ಜೈರೋಸನ ಹಿರಿಯ ಮಗನಿಗಿಂತ ಎರಡು ವರ್ಷ ಚಿಕ್ಕವನು.

"ಏಯ್ ಹುಡುಗ, ಆ ಮೂಲೆ ಯಾರು ನಿನ್ನ ಅಪ್ಪ ಹಚ್ತಾನಾ?"

"ಹಚ್ತೀನಿ ಯಜಮಾನ."

ನೆರೆತ ತಲೆಯ ಮನುಷ್ಯ ಹಾಗೆ ಹೇಳುತ್ತಿದ್ದ. ಚರ್ಚಿನಲ್ಲಿ ಭಾನುವಾರ ಅವನು ಉಪದೇಶಕ. ಎದ್ದು ನಿಂತರೆ ಇನ್ನೂರು ಜನ ತಲೆ ಬಾಗಿಸುತ್ತಿದ್ದರು. ಸೋಮವಾರ ಹುಡುಗ.

ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬರುವ ದಿನ ಗೇಟಿನ ಕಾವಲುಗಾರ ಮೂರು ಸಲ ಸೀಟಿ ಊದುತ್ತಿದ್ದ. ಆಗ ಎಂಟು ಜನ ಓಡಿ ಇಳಿಯಬೇಕು. ನೆಲಮಾಳಿಗೆಯಲ್ಲಿ ಕಸ ಗುಡಿಸುವ ಹೆಂಗಸರಿಗೆಂದು ಒಂದು ಕಕ್ಕಸು ಇತ್ತು. ಅದರೊಳಗೆ ಹೋಗಬೇಕು. ಲೂಕಾಸ್ ಹೊರಗಿನಿಂದ ಬೀಗ ಹಾಕುತ್ತಿದ್ದ. ಹೆಂಗಸರ ಕಕ್ಕಸನ್ನು ಯಾವ ಇನ್ಸ್‌ಪೆಕ್ಟರೂ ತೆಗೆಸಿ ನೋಡುವುದಿಲ್ಲ ಎಂಬುದು ಅವನ ಜಾಣತನ. ಅದರ ಮೇಲೂ ಒಂದು ಜಾಣತನವಿತ್ತು. ಗುಡಿಸುವ ಹೆಂಗಸರ ನೀಲಿ ಮೇಲಂಗಿಗಳನ್ನು ಎಂಟು ಜನಕ್ಕೂ ಕೊಡುತ್ತಿದ್ದ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು.

"ಯಾರಾದ್ರೂ ಕಿಂಡೀಲಿ ಇಣುಕಿದ್ರೂ ಹೆಂಗಸರು ಅಂದ್ಕೋಬೇಕು. ಕೆಮ್ಮೋದಿದ್ರೆ ಸಣ್ಣ ದನೀಲಿ ಕೆಮ್ಮಿ," ಎಂದು ನಗುತ್ತಿದ್ದ.

ಮುಕ್ಕಾಲು ಗಂಟೆ, ಒಂದು ಗಂಟೆ. ಎಂಟು ಗಂಡಸರು, ಎರಡು ಕುಳಿ. ಹೆಂಗಸರ ಮುಟ್ಟಿನ ಬಟ್ಟೆಯ ಡಬ್ಬಿ ಕಾಲಿಗೆ ತಾಗುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜೈರೋಸ್ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ಅಲ್ಲಿ ನಿಂತು ದೇವರ ಹೆಸರು ಎತ್ತಬಹುದೇ ಎಂದು ಮೊದಮೊದಲು ಅನುಮಾನವಿತ್ತು. ಆಮೇಲೆ ಅದೂ ಹೋಯಿತು.

ಅವನು ಮಾಡಿದ ತಪ್ಪು ಇದು. ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಚರ್ಚಿನ ಹಿಂದೆ ಚಹಾ ಕುಡಿಯುತ್ತಿದ್ದರು. ರೋದಾ ಕೆಂಪು ರವಿಕೆ, ಬಿಳಿ ಟೋಪಿ ಹಾಕಿದ ಚರ್ಚಿನ ಸಂಘದ ಹೆಂಗಸರ ನಡುವೆ ಇದ್ದಳು. ತಗುಮಾ ಹೊಸ ಷೂ ಹಾಕಿಕೊಂಡು ಬಂದ. ಸಾಹ್ವಿರನ ನಾಲಿಗೆ ಸುಮ್ಮನಿರಬೇಕಲ್ಲ.

"ರೋದಾ," ಎಂದು ಕೂಗಿದ ಜೈರೋಸ್, "ನಿನ್ನ ಗಂಡನಿಗೆ ಷೂ ಯಾಕೆ ಕೊಡಿಸಿದೆ? ಒಂದು ಲಂಗ ಹೊಲಿಸಿಕೊಡು. ಹೆಂಗಸರ ಕಕ್ಕಸಲ್ಲಿ ಅವನಷ್ಟು ಲಕ್ಷಣವಾಗಿ ಕುಕ್ಕರಗಾಲಲ್ಲಿ ಕೂರೋ ಹೆಂಗಸನ್ನ ನಾನು ನೋಡೇ ಇಲ್ಲ. ಸಿಂಹ ಅಂತೆ ಸಿಂಹ! ಬಾಲ ಎಲ್ಲಿ ಬಚ್ಚಿಟ್ಟಿದೀಯೋ, ತಲೆಗೆ ಕಟ್ಟೋ ಬಟ್ಟೇಲಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರೋದಾಗೆ ಆ ಕಕ್ಕಸಿನ ಕಥೆ ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ. ಅವಳೂ ನಕ್ಕಳು, ಆದರೆ ಗಂಡನ ಕಡೆ ನೋಡಿ ನಗು ನಿಲ್ಲಿಸಿದಳು. ತಗುಮಾ ಮಾತ್ರ ನಗುತ್ತಲೇ ಇದ್ದ.

ಬುಧವಾರ ಸೀಟಿ ಮೂರು ಸಲ ಕೇಳಿಸಿತು. ಏಳು ಜನ ಇಳಿಯತೊಡಗಿದರು. ಏಳನೆಯ ಅಂತಸ್ತಿನ ಸಾರುವೆಯ ಮೇಲೆ ತಗುಮಾ ಗಾರೆ ಹಚ್ಚುತ್ತಲೇ ಇದ್ದ.

"ಬಾರೋ," ಎಂದ ಜೈರೋಸ್.

"ನೀನು ಹೋಗು ಸಾಹ್ವಿರ. ಹೋಗಿ ಲಂಗ ಉಟ್ಕೋ. ನಾನು ಬರಲ್ಲ."

"ಹುಚ್ಚು ಮಾಡ್ಬೇಡ. ಹಿಡಿದ್ರೆ ಗಡಿ ದಾಟಿಸ್ತಾರೆ."

"ದಾಟಿಸ್ಲಿ. ಗಾರೆ ಹಚ್ಚುವಾಗ ಹಿಡಿದ್ರು ಅಂತ ನನ್ನ ಹೆಂಡತಿಗೆ ಹೇಳು. ಕಕ್ಕಸಲ್ಲಿ ಹಿಡಿದ್ರು ಅಂತ ಹೇಳೋದು ಬೇಡ."

ಹೇಳಿ ನಕ್ಕ. ಜೈರೋಸ್ ಇಳಿದು ಹೋದ. ಕೆಳಗಿನಿಂದ ಲೂಕಾಸ್ ತಗುಮಾನ ಕಡೆ ಕೈ ಬೀಸುತ್ತಿದ್ದ: ಮೇಲೆ ಹೋಗು, ಮೇಲೆ, ಕಾಣದ ಹಾಗೆ. ಜೈರೋಸ್ ತಿರುಗಿ ನೋಡಿದಾಗ ತಗುಮಾ ಕರಣೆ ಹಿಡಿದು ಮೇಲಕ್ಕೆ ಹತ್ತುತ್ತಿದ್ದ. ಒಂಬತ್ತನೆಯ ಅಂತಸ್ತಿನಲ್ಲಿ ಹಲಗೆಗಳನ್ನು ಇನ್ನೂ ಕಟ್ಟಿರಲಿಲ್ಲ. ಸುಮ್ಮನೆ ಇಟ್ಟಿದ್ದರು. ಅದು ಲೂಕಾಸನಿಗೆ ಗೊತ್ತಿತ್ತು.

ಏಳು ಗಂಡಸರು ನೀಲಿ ಮೇಲಂಗಿ ಹಾಕಿಕೊಂಡು ನಿಂತಿದ್ದಾಗ ಹಿತ್ತಲ ಕಡೆ ಸದ್ದಾಯಿತು. ಮೊದಲು ಹಲಗೆಯ ಸದ್ದು. ಆಮೇಲೆ ಇನ್ನೊಂದು. ಗಾರೆ ಮೂಟೆ ಬಿದ್ದರೆ ಬರುವ ಸದ್ದಲ್ಲ ಅದು. ಏಳು ಜನವೂ ಬಾಗಿಲು ಗುದ್ದಿದರು. ಹೊರಗೆ ಬೀಗ. "ಬಾಯಿ ಮುಚ್ಚಿ," ಎಂದಿತು ಲೂಕಾಸನ ದನಿ, ಬಾಗಿಲಿಗೆ ಬಾಯಿ ಹಚ್ಚಿ. "ಸಾಹೇಬ್ರು ಮುಂದಿನ ಕೋಣೇಲಿ ಚಹಾ ಕುಡೀತಿದಾರೆ. ಒಬ್ಬನ ಸಲುವಾಗಿ ಏಳು ಜನ ಹೋಗ್ತೀರಾ?"

ಏಳು ಜನ ಗುದ್ದುವುದನ್ನು ನಿಲ್ಲಿಸಿದರು. ಜೈರೋಸನೂ ನಿಲ್ಲಿಸಿದ.

ನಲವತ್ತು ನಿಮಿಷ.

ಬೀಗ ತೆಗೆದಾಗ ಅವನು ಹಿತ್ತಲಿಗೆ ಓಡಿದ. ಮರಳ ರಾಶಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಟಾರ್ಪಾಲು ಹೊದೆಸಿದ್ದರು. ಅಂಚಿಗೆ ನಾಲ್ಕು ಇಟ್ಟಿಗೆ ಇಟ್ಟಿದ್ದರು, ಗಾಳಿಗೆ ಹಾರದಿರಲೆಂದು. ತೆಗೆದು ನೋಡಿದ. ಮೈ ಇನ್ನೂ ಬೆಚ್ಚಗಿತ್ತು. ಬಲಗೈಯ ಕೆಳಗೆ ಮರಳಿನಲ್ಲಿ ನಾಲ್ಕು ಗೀರು. ಒಂದೊಂದೂ ಒಂದು ಗೇಣುದ್ದ. ಬೆರಳುಗಳು ಎಳೆದ ಗೀರು. ಸತ್ತವರು ಮರಳು ತೋಡುವುದಿಲ್ಲ.

ಸೊಂಟದ ಬಳಿ ಒಂದು ಸುರುಳಿ ತಾಮ್ರದ ತಂತಿ ಇತ್ತು. ಸೋಮವಾರ ಅದನ್ನು ಉಗ್ರಾಣಕ್ಕೆ ಹೊತ್ತು ಹಾಕಿದವನು ಜೈರೋಸನೇ.

ಪೊಲೀಸರು ಬಂದಾಗ ಏಳು ಜನರನ್ನೂ ಹಿಂದಿನ ಗೇಟಿನಿಂದ ಆಗಲೇ ಹೊರಗೆ ಹಾಕಿದ್ದರು. ತಂತಿ ಕದಿಯಲು ಹತ್ತಿದ ಗುರುತು ಸಿಗದ ಗಂಡಸು, ಎಂದು ಬರೆದುಕೊಂಡು ಹೆಣವನ್ನು ಸರಕಾರಿ ಶವಾಗಾರಕ್ಕೆ ಒಯ್ದರು.

ನಾಲ್ಕು ದಿನ ಜೈರೋಸ್ ಬಾಯಿ ಬಿಡಲಿಲ್ಲ. ಬಿದ್ದ, ಸತ್ತ ಎಂದಷ್ಟೇ ರೋದಾಗೆ ಹೇಳಿದ್ದ. ಈಗ ಹಿಲ್‌ಬ್ರೋ ಎಂಬ ಬಡವರ ಕೇರಿಯ ಹಳೆಯ ಕಟ್ಟಡದಲ್ಲಿ, ರೋದಾಳ ಕೋಣೆಯಲ್ಲಿ, ಮೂವತ್ತು ಜನ ನೆಲದ ಮೇಲೆ ಕೂತು ಅವನನ್ನೇ ನೋಡುತ್ತಿದ್ದರು. ಮಧ್ಯಾಹ್ನದ ಬಿಸಿಲು. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟು ಕುದಿಯುತ್ತಿತ್ತು. ಕಿಟಕಿಯ ಬಳಿ ಗೋಡೆಗೆ ಬೆನ್ನು ಹಚ್ಚಿಕೊಂಡು ಉಳಿದ ಆರು ಜನ ಗಾರೆಯವರಿದ್ದರು. ಅವರೂ ಬಾಯಿ ಬಿಟ್ಟಿರಲಿಲ್ಲ.

ಅವನು ಬಟ್ಟೆ ಹಾಕಿಕೊಂಡ. ಪ್ಯಾಂಟು ಸೊಂಟಕ್ಕೆ ಸಡಿಲ. ಒಂದು ಕೈಯಲ್ಲಿ ಹಿಡಿದುಕೊಂಡು ನಡೆದ. ತಗುಮಾ ಎಡಗಾಲು ಸ್ವಲ್ಪ ಎಳೆಯುತ್ತಿದ್ದ, ಎಳೆದ. ತಗುಮಾ ಮುದ್ದೆ ಮುರಿಯುವ ಮೊದಲು ಕೈಯನ್ನು ಮೂಸಿ ನೋಡುತ್ತಿದ್ದ, ಮೂಸಿದ.

"ಅಯ್ಯೋ ಅವನೇ," ಎಂದಳು ಒಬ್ಬ ಮುದುಕಿ. "ಕೈ ಮೂಸೋದು ನೋಡೇ! ನಾಯಿ ಹಾಗೆ!"

"ರೋದಾ," ಎಂದ ಜೈರೋಸ್ ತಗುಮಾನ ದನಿಯಲ್ಲಿ, "ಉಪ್ಪು ಕಮ್ಮಿ. ನಿಮ್ಮಮ್ಮ ಉಪ್ಪು ಹಾಕೋದು ಕಲಿಸಲಿಲ್ವಾ? ಕಲಿಸಿರ್ತಾಳೆ. ನೀನು ಆಗ ಕನ್ನಡಿ ಮುಂದೆ ಇದ್ದೆ."

ರೋದಾ ನಕ್ಕಳು. ನಗುತ್ತ ಅಳತೊಡಗಿದಳು. ಕೋಣೆಯೆಲ್ಲ ನಕ್ಕಿತು.

ಆಗ ಲೂಕಾಸ್ ಬಂದ. ಅವನ ಹಿಂದೆ ಇಬ್ಬರು ಒಂದು ಮೂಟೆ ಅಕ್ಕಿ, ಎರಡು ಡಬ್ಬ ಎಣ್ಣೆ ಹೊತ್ತು ತಂದರು. ಟೋಪಿ ತೆಗೆಯಲಿಲ್ಲ. ಇದ್ದ ಒಂದೇ ಕುರ್ಚಿಯಲ್ಲಿ ಕೂತ.

"ಕಂಪನಿಗೆ ದುಃಖ ಆಗಿದೆ ತಾಯಿ," ಎಂದ ರೋದಾಗೆ. "ಅವನು ನಮ್ಮ ಕೆಲಸದವನಲ್ಲ. ಆದ್ರೂ ಯಜಮಾನ್ರಿಗೆ ದೊಡ್ಡ ಮನಸ್ಸು. ಪೆಟ್ಟಿಗೆ ಕೊಡ್ತಾರೆ. ವ್ಯಾನು ಕೊಡ್ತಾರೆ. ಹೆಣ ಸೀದಾ ನಿಮ್ಮೂರಿಗೆ, ಅವನ ಅಪ್ಪ ಅಜ್ಜ ಇರೋ ಮಣ್ಣಿಗೆ. ಇದೊಂದು ಕಾಗದಕ್ಕೆ ನಿನ್ನ ರುಜು ಬೇಕು. ಈ ಮುದುಕ ಸಾಕ್ಷಿ ಹಾಕಲಿ."

"ಏನು ಬರ್ದಿದೆ ಇದ್ರಲ್ಲಿ?"

"ಇದ್ದದ್ದೇ. ಅವನು ಒಳಗೆ ನುಗ್ಗಿದ್ದ. ತಂತಿಗೆ. ಕಂಪನಿಗೂ ಅವನಿಗೂ ಸಂಬಂಧ ಇಲ್ಲ."

ರೋದಾ ಕಾಗದವನ್ನು ಹಿಡಿದು ಕೂತಳು. ಹೆಣ ಊರಿಗೆ ಹೋಗದಿದ್ದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಯಾರೂ ಕೇಳದ ಹೆಣಗಳನ್ನು ಸರಕಾರ ಒಂದೇ ಗುಂಡಿಗೆ ಹಾಕುತ್ತದೆ. ತಗುಮಾನ ಮಗಳು ಬಿಕಿಟಾದಲ್ಲಿ ಅಜ್ಜಿಯ ಬಳಿ ಇದ್ದಳು. ಅವಳು ಒಂದು ಹಿಡಿ ಮಣ್ಣು ಹಾಕಲು ಒಂದು ಗುಡ್ಡೆಯಾದರೂ ಬೇಕು.

"ಕಳ್ಳ ಅಂತ ಬರ್ದು ಕಳಿಸ್ಲಾ?" ಎಂದಳು ಯಾರನ್ನೂ ನೋಡದೆ. "ಕಳಿಸದೆ ಇಲ್ಲೇ ಬಿಡ್ಲಾ? ಹೇಳಿ ಯಾರಾದ್ರೂ. ಸಾಹ್ವಿರ, ನೀನಾದ್ರೂ ಹೇಳು. ನೀನು ಅಲ್ಲಿದ್ದೆ."

ಲೂಕಾಸ್ ಜೈರೋಸನ ಬಟ್ಟೆ ನೋಡಿ ಮುಗುಳ್ನಕ್ಕ. "ಏನು ಹುಡುಗ, ನಾಟಕ ಮಾಡ್ತಿದೀಯಾ? ಚೆನ್ನಾಗಿದೆ, ಮಾಡು ಮಾಡು. ಮುಗಿಸಿ ರುಜು ಹಾಕು. ಸೋಮವಾರ ಕೆಲಸಕ್ಕೆ ಬಾ."

ಜೈರೋಸ್ ಸಡಿಲ ಪ್ಯಾಂಟನ್ನು ಸೊಂಟಕ್ಕೆ ಬಿಗಿದುಕೊಂಡ.

"ಮುಗಿಸ್ತೀನಿ ಯಜಮಾನ," ಎಂದ. "ಇನ್ನೂ ಸ್ವಲ್ಪ ಇದೆ. ಸಾವಿನ ಮನೇಲಿ ನಾನು ಹೇಳಿದ್ದನ್ನ ಎಲ್ಲರೂ ಕೇಳಬೇಕು. ಇದು ನಮ್ಮ ಕಟ್ಟಳೆ. ನೀವೂ ಬಂದಿದೀರಿ, ನಿಮಗೂ ಅಷ್ಟೇ."

ಅವನು ರೋದಾಳ ಹೆಗಲ ಮೇಲಿದ್ದ ಹೊದಿಕೆಯನ್ನು ಕೇಳಿ ತೆಗೆದುಕೊಂಡ. ಕೋಣೆಯ ನಡುವೆ ನೆಲದ ಮೇಲೆ ಅಂಗಾತ ಮಲಗಿದ. ಹೊದಿಕೆಯನ್ನು ಮುಖದ ಮೇಲಿಂದ ಎಳೆದುಕೊಂಡ. ಬಲಗೈ ಒಂದು ಹೊರಗಿತ್ತು.

ಕೆಲವರು ನಕ್ಕರು.

"ನಾನು ಬಿದ್ದಿದೀನಿ," ಎಂದಿತು ಹೊದಿಕೆಯೊಳಗಿನ ದನಿ. "ಒಂಬತ್ತನೇ ಅಂತಸ್ತಿಂದ. ಮೇಲೆ ಹೋಗು ಅಂತ ಮೇಸ್ತ್ರಿ ಕೈ ಬೀಸಿದ. ಹೋದೆ. ಬೆಲ್ಟು ಇರಲಿಲ್ಲ. ಹಲಗೆ ಕಟ್ಟಿರಲಿಲ್ಲ. ಈಗ ನನ್ನ ಮೇಲೆ ಟಾರ್ಪಾಲು ಹಾಕಿದಾರೆ. ಅಂಚಿಗೆ ಇಟ್ಟಿಗೆ ಇಟ್ಟಿದಾರೆ. ಇನ್ಸ್‌ಪೆಕ್ಟರ್ ಚಹಾ ಕುಡೀತಿದಾರೆ. ಅವರು ಹೋಗೋ ತನಕ ಕಾಯಿರಿ."

ನಗು ನಿಂತಿತು.

ಆ ಕೈ ಅಲುಗಿತು. ಬೆರಳುಗಳು ನೆಲವನ್ನು ಕೆರೆದವು. ನಿಧಾನವಾಗಿ ಒಂದು ಗೇಣು ಎಳೆದವು. ನಿಂತವು. ಮತ್ತೆ ಎಳೆದವು. ಒಲೆಯ ಮೇಲೆ ಹಿಟ್ಟು ಉಕ್ಕಿ ಸುರಿಯಿತು. ಯಾರೂ ಏಳಲಿಲ್ಲ. ಉಗುರು ಸಿಮೆಂಟನ್ನು ಕೆರೆಯುವ ಸದ್ದೊಂದೇ ಕೇಳಿಸುತ್ತಿತ್ತು.

"ಬದುಕಿದ್ನಾ?" ಎಂದಳು ರೋದಾ. ಅವಳ ದನಿ ಬಹಳ ಸಣ್ಣಗಿತ್ತು. "ಸಾಹ್ವಿರ, ಅವನು ಬದುಕಿದ್ನಾ?"

ಜೈರೋಸ್ ಎದ್ದು ಕೂತ. ಈಗ ಅವನದೇ ದನಿ.

"ಬದುಕಿದ್ದ ತಾಯಿ. ಎಷ್ಟು ಹೊತ್ತೋ ಗೊತ್ತಿಲ್ಲ. ಮರಳಲ್ಲಿ ಬೆರಳ ಗೀರಿತ್ತು, ಕಣ್ಣಾರೆ ನೋಡಿದೆ. ನಾವು ಏಳು ಜನ ಹೆಂಗಸರ ಕಕ್ಕಸಲ್ಲಿ ಇದ್ವಿ. ಸದ್ದು ಕೇಳ್ತು. ಬಾಗಿಲು ಗುದ್ದಿದ್ವಿ. ಏಳು ಜನ ಹೋಗ್ತೀರಿ ಅಂದ ಇವನು. ಗುದ್ದೋದು ನಿಲ್ಲಿಸಿದ್ವಿ." ಅವನು ಕಿಟಕಿಯ ಬಳಿಯ ಆರು ಜನರನ್ನು ನೋಡಿದ. "ನಿಲ್ಲಿಸಿದ್ವಾ ಇಲ್ವಾ? ಹೇಳ್ರೋ."

ಆರು ಜನರಲ್ಲಿ ಒಬ್ಬ ಮುಖ ಮುಚ್ಚಿಕೊಂಡು ತಲೆ ಆಡಿಸಿದ.

"ತಂತಿ ಇವರು ತಂದು ಇಟ್ಟಿದ್ದು. ಸೋಮವಾರ ಅದನ್ನ ಉಗ್ರಾಣಕ್ಕೆ ಹಾಕಿದ್ದು ನಾನು. ಅವನ ಕೈಗೆ ಹತ್ತಿದ್ದು ಹಸಿ ಗಾರೆ. ಕದಿಯೋಕೆ ಬಂದವನು ಗೋಡೆಗೆ ಗಾರೆ ಯಾಕೆ ಹಚ್ತಾನೆ? ಇನ್ನೂ ಒಂದಿದೆ ತಾಯಿ. ಲಂಗ ಹೊಲಿಸು ಅಂತ ನಿನ್ನ ಮುಂದೆ ನಾನು ಹಂಗಿಸಿದ್ನಲ್ಲ. ಅದಕ್ಕೇ ಅವತ್ತು ಅವನು ಇಳಿದು ಬರಲಿಲ್ಲ. ಇವರು ನಮ್ಮ ಗಂಡಸ್ತನ ಕಿತ್ಕೊಂಡ್ರು. ನಾನು ಇವರನ್ನ ಬೈಯ್ಯೋಕೆ ಧೈರ್ಯ ಇಲ್ದೆ ಅವನನ್ನ ಹಂಗಿಸಿದೆ. ಸಾಹ್ವಿರನ ಮಾತಿಗೆ ಸಿಟ್ಟಾಗಬಾರದು ಅಂತಾರೆ. ನೀನು ಆಗು. ಉಗಿ ನನಗೆ."

ರೋದಾ ಉಗಿಯಲಿಲ್ಲ. ಎದ್ದಳು. ಕಾಗದವನ್ನು ಹರಿಯಲೂ ಇಲ್ಲ. ಮಡಿಚಿ ಲೂಕಾಸನ ಅಂಗಿಯ ಜೇಬಿಗೆ ತುರುಕಿದಳು.

"ಟೋಪಿ ತೆಗಿ," ಎಂದಳು.

"ತಾಯಿ, ಸಿಟ್ಟಲ್ಲಿ ಯೋಚನೆ ಮಾಡ್ಬೇಡ. ವ್ಯಾನು—"

"ಸಾವಿನ ಮನೆ ಇದು. ಟೋಪಿ ತೆಗಿ. ತೆಗೆದು ಹೋಗು. ನಿನ್ನ ಅಕ್ಕಿ ತಗೊಂಡು ಹೋಗು. ನನ್ನ ಗಂಡನ್ನ ಇಲ್ಲೇ ಹೂಳಬೇಕಾದ್ರೆ ಹೂಳ್ತೀನಿ. ಮಗಳನ್ನ ಇಲ್ಲಿಗೇ ಕರ್ಕೊಂಡು ಬಂದು ಮಣ್ಣು ತೋರಿಸ್ತೀನಿ. ಕಳ್ಳನ ಮಗಳು ಅಂತ ಅವಳನ್ನ ಊರಲ್ಲಿ ಬೆಳೆಸಲ್ಲ."

ಕೆಂಪು ರವಿಕೆಯ ನಾಲ್ಕು ಹೆಂಗಸರು ಅಕ್ಕಿ ಮೂಟೆಯ ನಾಲ್ಕು ಮೂಲೆ ಹಿಡಿದು ಎತ್ತಿದರು. ಅದನ್ನು ಮೆಟ್ಟಿಲ ಮೇಲಿಂದ ಇಳಿಸಲಿಲ್ಲ. ಉರುಳಿಸಿದರು.

ಬಾಗಿಲಲ್ಲಿ ಲೂಕಾಸ್ ತಿರುಗಿದ. "ಮುದುಕ, ನೀನು ನಾಳೆ ಎಲ್ಲಿರ್ತೀಯ ನೋಡ್ಕೋ. ನಾನು ಒಂದು ಫೋನ್ ಮಾಡಿದ್ರೆ ಸಾಕು."

"ಮಾಡು," ಎಂದ ಜೈರೋಸ್.

ಸೋಮವಾರ ಬೆಳಿಗ್ಗೆ ಅವನು ಸ್ನಾನ ಮಾಡಿದ. ಮೊಣಕಾಲೂರಿ ಪ್ರಾರ್ಥಿಸಿದ. ಕ್ಷಮೆ ಕೇಳಲಿಲ್ಲ. ಅದು ದೇವರಿಗೂ ಅವನಿಗೂ ಇನ್ನೊಂದು ದಿನದ ಮಾತು. ನಾಲಿಗೆ ನಡುಗದಿರಲಿ ಎಂದಷ್ಟೇ ಕೇಳಿದ. ರೋದಾಳನ್ನು ಬರಬೇಡ ಎಂದ. ಅವಳನ್ನೂ ಹಿಡಿದರೆ ಹೆಣಕ್ಕೆ ಯಾರೂ ಇರುವುದಿಲ್ಲ. ನಡೆದುಕೊಂಡೇ ಸರಕಾರಿ ಶವಾಗಾರಕ್ಕೆ ಹೋದ.

ಸಾಲಿನಲ್ಲಿ ಎರಡು ಗಂಟೆ ನಿಂತ. ಗಾಜಿನ ಹಿಂದೆ ಕನ್ನಡಕದ ಒಬ್ಬ ಹೆಂಗಸು ಕೂತಿದ್ದಳು.

"ಯಾರಿಗೆ ಬಂದಿದೀರಿ ಅಜ್ಜ?"

"ಬುಧವಾರ ಬಂದ ಹೆಣ. ಗುರುತು ಸಿಗದವನು ಅಂತ ಬರ್ದಿದೀರಿ. ನನಗೆ ಗುರುತಿದೆ."

ಅವಳು ಕಡತ ತೆಗೆದಳು. ಓದಿದಳು. ಮುಖ ಎತ್ತಿ ಅವನನ್ನು ನೋಡಿದಳು.

"ತಂತಿ ಕಳ್ಳ ಅಂತ ಇದೆ."

"ಸುಳ್ಳು. ಹೆಸರು ತಗುಮಾ. ಅಪ್ಪನ ಹೆಸರು ಜೆಕೆರಿಯಾ. ಊರು ಬಿಕಿಟಾ. ಗಾರೆ ಕೆಲಸದವನು. ಕೆಲಸ ಮಾಡ್ತಾ ಬಿದ್ದ. ಎಲ್ಲಿ ಬಿದ್ದ, ಯಾರ ಕೆಲಸಕ್ಕೆ ಬಿದ್ದ, ಬಿದ್ದ ಮೇಲೆ ಏನು ಮಾಡಿದ್ರು, ಎಲ್ಲ ಹೇಳ್ತೀನಿ. ಬರ್ಕೊಳ್ಳಿ."

ಅವಳು ಪೆನ್ನು ಕೆಳಗಿಟ್ಟಳು. ಅಕ್ಕಪಕ್ಕ ನೋಡಿ ಗಾಜಿನ ಕಿಂಡಿಗೆ ಬಾಗಿದಳು.

"ಕೇಳಿ ಅಜ್ಜ. ಹೆಸರು ಹೇಳಿ ಹೋಗೋದಾದ್ರೆ ಹೋಗಿ, ಹೆಸರಷ್ಟೇ ಬರ್ಕೋತೀನಿ. ಕೆಲಸದಲ್ಲಿ ಬಿದ್ದ ಅಂತ ಬರೆದ್ರೆ ಹೇಳಿಕೆ ಆಗತ್ತೆ. ಪೊಲೀಸರನ್ನ ಕರೀಬೇಕು. ಅವರು ಮೊದಲು ನಿಮ್ಮ ಪರವಾನಗಿ ಕೇಳ್ತಾರೆ. ಇದೆಯಾ?"

"ಇಲ್ಲ."

"ನನ್ನ ಅಪ್ಪನ ವಯಸ್ಸು ನಿಮಗೆ." ಅವಳು ದನಿ ಇನ್ನೂ ತಗ್ಗಿಸಿದಳು. "ಪಕ್ಕದ ಬಾಗಿಲಿಂದ ಹೋಗ್ಬಿಡಿ. ಸಾಲು ಉದ್ದ ಇದೆ, ನಾನು ಯಾರನ್ನೂ ನೋಡಿಲ್ಲ. ನೀವು ಬಂದೇ ಇಲ್ಲ."

ಅವಳ ಕಣ್ಣಿನಲ್ಲಿ ಕರುಣೆಯಿತ್ತು. ಅದು ನಿಜವಾದ ಕರುಣೆ. ಪಕ್ಕದ ಬಾಗಿಲು ತೆರೆದೇ ಇತ್ತು. ಹೊರಗೆ ರಸ್ತೆಯಲ್ಲಿ ಬಿಸಿಲಿತ್ತು, ಜನ ಓಡಾಡುತ್ತಿದ್ದರು.

ಜೈರೋಸ್ ಗೋಡೆಯ ಬಳಿಯ ಬೆಂಚನ್ನು ಎರಡೂ ಕೈಯಲ್ಲಿ ಎಳೆದ. ಕಲ್ಲು ನೆಲದ ಮೇಲೆ ಅದು ಕಿರ್ರೆಂದಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳ ಗಾಜಿಗೆ ಎದುರಾಗಿ, ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಕೂತ.

"ನಾನು ಬಂದಿದೀನಿ ಮಗಳೇ," ಎಂದ ಗಟ್ಟಿಯಾಗಿ. "ಪೊಲೀಸರನ್ನ ಕರಿ. ಅವರು ಬರೋದ್ರೊಳಗೆ ನೀನು ಬರಿ."